ಸಿನಿಮಾಕ್ಕೆ ಷೇರುದಾರರನ್ನು ತಂದ ಹಿಮಾಂಶು ರಾಯ್

ಚಲನಚಿತ್ರಕ್ಕೆ ಹಣ ಹೂಡುವುದು ಸಾಹುಕಾರರ ಜೂಜು, ಸಂಸಾರಸ್ಥರಿಗೆ ಹೇಳಿಸಿದ್ದಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸ್ವಾತಂತ್ರ್ಯಕ್ಕೆ ಮೊದಲೇ ಈ ನಂಬಿಕೆಗೆ ಸವಾಲೊಡ್ಡಿದವರು ಹಿಮಾಂಶು ರಾಯ್.

ಬಂಗಾಳಿ ಕುಟುಂಬದಲ್ಲಿ 1892ರಲ್ಲಿ ಜನಿಸಿದ ರಾಯ್, ಕಾನೂನು ಓದಲು ಲಂಡನ್ನಿಗೆ ಹೋಗಿ ರಂಗಭೂಮಿಯ ಸೆಳೆತಕ್ಕೆ ಸಿಕ್ಕವರು. ಬುದ್ಧನ ಜೀವನವನ್ನು ತೆರೆಗೆ ತರಲು ಅವರು ಮ್ಯೂನಿಕ್‌ನ ಎಮೆಲ್ಕಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ನಿರ್ದೇಶಕ, ತಂತ್ರಜ್ಞರು, ಉಪಕರಣಗಳು ಜರ್ಮನರವು. ನಟರು ಮತ್ತು ಬಂಡವಾಳ ಭಾರತದ್ದು. 1925ರ ‘ಲೈಟ್ ಆಫ್ ಏಷ್ಯಾ’ ಹೀಗೆ ಸಿದ್ಧವಾಯಿತು. ‘ಶಿರಾಜ್’, ‘ಎ ಥ್ರೋ ಆಫ್ ಡೈಸ್’ ಅದನ್ನು ಹಿಂಬಾಲಿಸಿದವು. ಆದರೆ ಪ್ರತಿ ಚಿತ್ರಕ್ಕೂ ಹೊಸದಾಗಿ ಹಣ ಹೊಂದಿಸುವ ಪಾಡು ತಪ್ಪಲಿಲ್ಲ.

1934ರಲ್ಲಿ ಪತ್ನಿ ದೇವಿಕಾ ರಾಣಿಯವರೊಂದಿಗೆ ಅವರು ಸ್ಥಾಪಿಸಿದ ಬಾಂಬೆ ಟಾಕೀಸ್ ಇದಕ್ಕೆ ಉತ್ತರವಾಯಿತು. ಅದು ಷೇರು ಬಂಡವಾಳದ ಲಿಮಿಟೆಡ್ ಕಂಪನಿ. ಎಫ್.ಇ. ದಿನ್‌ಶಾ, ಸರ್ ಚಿಮನ್‌ಲಾಲ್ ಸೆತಲ್ವಾಡ್‌ರಂಥ ಗಣ್ಯರು ನಿರ್ದೇಶಕ ಮಂಡಳಿಯಲ್ಲಿದ್ದರು. ಷೇರು ಕೊಂಡವರು ಒಂದು ಚಿತ್ರದ ಅದೃಷ್ಟವನ್ನಲ್ಲ, ವರ್ಷಕ್ಕೆ ಹಲವು ಚಿತ್ರ ತಯಾರಿಸುವ ಸಂಸ್ಥೆಯನ್ನು ನೆಚ್ಚಿಕೊಳ್ಳಬಹುದಿತ್ತು. ಒಂದರ ನಷ್ಟವನ್ನು ಇನ್ನೊಂದು ತುಂಬುವ ಅವಕಾಶವಿತ್ತು. ಮಲಾಡ್‌ನ ಸ್ಟುಡಿಯೊದಿಂದ 1936ರಲ್ಲಿ ‘ಅಛೂತ್ ಕನ್ಯಾ’ ಹೊರಬಂದು ಜನಮನ ಗೆದ್ದಿತು. ಕಂಪನಿ ಷೇರುದಾರರಿಗೆ ಲಾಭಾಂಶವನ್ನೂ ನೀಡಿತು.

1939ರಲ್ಲಿ ಯುದ್ಧ ಆರಂಭವಾದಾಗ ನಿರ್ದೇಶಕ ಫ್ರಾಂಜ್ ಆಸ್ಟೆನ್ ಸೇರಿದಂತೆ ಜರ್ಮನ್ ಸಹೋದ್ಯೋಗಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿರಿಸಿತು. ಮರುವರ್ಷವೇ ರಾಯ್ ನಿಧನರಾದರು. ಚುಕ್ಕಾಣಿ ಹಿಡಿದ ದೇವಿಕಾ ರಾಣಿಯವರ ಕಾಲದಲ್ಲಿ, 1943ರಲ್ಲಿ, ‘ಕಿಸ್ಮತ್’ ಭಾರಿ ಯಶಸ್ಸು ಕಂಡರೂ ಒಳಜಗಳ ಶಮನವಾಗಲಿಲ್ಲ. ಶಶಧರ್ ಮುಖರ್ಜಿ, ಅಶೋಕ್ ಕುಮಾರ್ ಹೊರನಡೆದು ಫಿಲ್ಮಿಸ್ತಾನ್ ಕಟ್ಟಿದರು. ಮುಂದೆ ಬೆಂಗಳೂರಿನ ತಾತಗುಣಿಯಲ್ಲಿ ನೆಲೆಸಿದ ದೇವಿಕಾ ರಾಣಿಯವರು 1945ರಲ್ಲಿ ಸಂಸ್ಥೆಯನ್ನು ತೊರೆದರು. 1954ರ ಹೊತ್ತಿಗೆ ಬಾಂಬೆ ಟಾಕೀಸ್ ಬಾಗಿಲು ಮುಚ್ಚಿತು.

ಕನ್ನಡದಲ್ಲಿ 2013ರ ‘ಲೂಸಿಯಾ’ ಪ್ರೇಕ್ಷಕರಿಂದಲೇ ಹಣ ಸಂಗ್ರಹಿಸಿ ತಯಾರಾದಾಗ ಸಾಮಾನ್ಯರ ಹೂಡಿಕೆ ಮತ್ತೆ ಚರ್ಚೆಗೆ ಬಂತು. ಇಂಥ ಪ್ರಯತ್ನಗಳು ಸ್ವಾಗತಾರ್ಹ. ಆದರೆ ಹೂಡುವವರು ಕೇಳಲೇಬೇಕಾದ ಪ್ರಶ್ನೆಗಳನ್ನು ರಾಯ್ ಅವರ ಬದುಕು ಮುಂದಿಡುತ್ತದೆ. ತಮ್ಮ ಪಾಲು ಒಂದು ಚಿತ್ರದಲ್ಲೋ, ಸಂಸ್ಥೆಯಲ್ಲೋ? ಲೆಕ್ಕ ಒಪ್ಪಿಸುವವರು ಯಾರು? ಮುನ್ನಡೆಸುವ ವ್ಯಕ್ತಿ ಇಲ್ಲವಾದ ದಿನ ಅವರ ಹಣದ ಗತಿಯೇನು? ಮೊದಲೆರಡಕ್ಕೆ ರಾಯ್ ಉತ್ತರ ಕಂಡುಕೊಂಡಿದ್ದರು. ಮೂರನೆಯದಕ್ಕೆ ಉತ್ತರ ಹುಡುಕಲು ಅವರಿಗೆ ಆಯುಷ್ಯ ಸಾಲಲಿಲ್ಲ.