ದಾಳಗಳ ಲೆಕ್ಕ ಬಲ್ಲ ಕಾರ್ಡಾನೊ

ಇಟಲಿಯ ವೆನಿಸ್ ನಗರದಲ್ಲಿ ಕನ್ಯೆ ಮೇರಿಯ ಜನ್ಮದಿನದ ಹಬ್ಬ. ಒಬ್ಬ ಶ್ರೀಮಂತನ ಮನೆಯಲ್ಲಿ ಇಸ್ಪೀಟಿನ ಆಟ ನಡೆದಿತ್ತು. ಹೊರಗಿನಿಂದ ಬಂದಿದ್ದ ಒಬ್ಬ ತರುಣನು ತನ್ನಲ್ಲಿದ್ದ ಹಣವನ್ನು ಸೋತು ಕುಳಿತಿದ್ದನು. ಎಲೆಗಳ ಮೇಲೆ ಗುಟ್ಟಾದ ಗುರುತುಗಳಿರುವುದು ಆಗ ಅವನ ಕಣ್ಣಿಗೆ ಬಿತ್ತು. ಕೋಪವನ್ನು ತಡೆಯಲಾರದೆ ಅವನು ಕಠಾರಿಯಿಂದ ಮನೆಯೊಡೆಯನ ಮುಖಕ್ಕೆ ಗಾಯ ಮಾಡಿ, ಕಳೆದುಕೊಂಡಿದ್ದ ಹಣವನ್ನು ಬಾಚಿಕೊಂಡು ಬೀದಿಗೆ ಓಡಿದನು. ಅದೇ ಸಂಜೆ ಕಾಲು ಜಾರಿ ನೀರಿಗೆ ಬಿದ್ದನು. ಹೇಗೋ ಒಂದು ದೋಣಿಯನ್ನು ಹಿಡಿದು ಮೇಲೇರಿ ನೋಡಿದರೆ, ಮುಖಕ್ಕೆ ಪಟ್ಟಿ ಕಟ್ಟಿಕೊಂಡ ಆ ಶ್ರೀಮಂತನೇ ಅಲ್ಲಿ ಕುಳಿತಿದ್ದನು! ಅವನು ಹಗೆ ತೀರಿಸಿಕೊಳ್ಳದೆ ಒಣ ಬಟ್ಟೆಯನ್ನು ಕೊಟ್ಟನೆಂದು ತರುಣನು ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ತರುಣನೇ ಜಿರೊಲಾಮೊ ಕಾರ್ಡಾನೊ. ದಾಳಗಳ ಆಟವನ್ನು ಗಣಿತದ ಹಿಡಿತಕ್ಕೆ ತರಲು ಒಂದು ಇಡೀ ಗ್ರಂಥವನ್ನೇ ಬರೆದ ಮೊದಲಿಗನು ಅವನು.

ಕಾರ್ಡಾನೊ 1501ರಲ್ಲಿ ಪಾವಿಯಾ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಫಾಜಿಯೊ ಮಿಲಾನ್ ನಗರದ ವಕೀಲ, ರೇಖಾಗಣಿತದಲ್ಲಿ ಪಂಡಿತ. ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಗೂ ಅವನ ಪರಿಚಯವಿದ್ದಿತು. ತಂದೆತಾಯಿಗಳಿಗೆ ಆಗ ವಿವಾಹವಾಗಿರಲಿಲ್ಲ. ಈ ಕಾರಣಕ್ಕಾಗಿ ಮಗನು ಬಹುಕಾಲ ಅವಮಾನವನ್ನು ಅನುಭವಿಸಬೇಕಾಯಿತು. ಪಾವಿಯಾ ಮತ್ತು ಪಾಡುವಾಗಳಲ್ಲಿ ಓದಿ ವೈದ್ಯಪದವಿಯನ್ನು ಪಡೆದರೂ, ಮಿಲಾನಿನ ವೈದ್ಯರ ಸಂಘವು ಅವನ ಹುಟ್ಟನ್ನು ಮುಂದೆ ಮಾಡಿ ಅವನನ್ನು ಹೊರಗಿಟ್ಟಿತು. ಸಂಘದ ಬಾಗಿಲು ಅವನಿಗೆ ತೆರೆದದ್ದು 1539ರಲ್ಲಿ.

ಅಲ್ಲಿಯವರೆಗಿನ ಬಡತನದ ದಿನಗಳಲ್ಲಿ ಜೂಜೇ ಅವನಿಗೆ ಅನ್ನದ ದಾರಿಯಾಯಿತು. ಅನ್ನವನ್ನು ಕಸಿದುಕೊಂಡದ್ದೂ ಅದೇ. 1531ರಲ್ಲಿ ಲೂಚಿಯಾ ಎಂಬವಳನ್ನು ಮದುವೆಯಾದನು. ಕೆಲವೇ ವರ್ಷಗಳಲ್ಲಿ ಅವಳ ಒಡವೆಗಳು ಒತ್ತೆಗೆ ಹೋದವು. ಮನೆಯ ಸಾಮಾನುಗಳೂ ಅದೇ ಹಾದಿ ಹಿಡಿದವು. ಧರ್ಮರಾಯನ ದ್ಯೂತದ ಕಥೆಯನ್ನು ಕೇಳಿ ಬಲ್ಲವರಿಗೆ ಇದು ಹೊಸತೆನಿಸಲಾರದು. ಚದುರಂಗದಲ್ಲಿ ನಲವತ್ತು ವರ್ಷ, ದಾಳದಲ್ಲಿ ಸುಮಾರು ಇಪ್ಪತ್ತೈದು ವರ್ಷ, ಅದೂ ದಿನ ತಪ್ಪದೆ ತೊಡಗಿದ್ದುದನ್ನು ಮುಪ್ಪಿನಲ್ಲಿ ಅವನು ನಾಚಿಕೆಯಿಂದ ಒಪ್ಪಿಕೊಂಡಿದ್ದಾನೆ.

ಆದರೆ ಕಾರ್ಡಾನೊ ಉಳಿದ ಜೂಜುಗಾರರಂತೆ ಕಣ್ಣು ಮುಚ್ಚಿ ಆಡಿದವನಲ್ಲ. ದಾಳ ಉರುಳುವಾಗ ಏನು ನಡೆಯುತ್ತದೆ ಎಂದು ಯೋಚಿಸಿದನು. ಸರಿಯಾಗಿ ಮಾಡಿದ ದಾಳದ ಆರು ಮುಖಗಳಲ್ಲಿ ಯಾವುದೊಂದಕ್ಕೂ ಹೆಚ್ಚಿನ ಹಕ್ಕಿಲ್ಲ. ಆದುದರಿಂದ ಮೊದಲು ಸಾಧ್ಯವಿರುವ ಎಲ್ಲ ಫಲಗಳನ್ನೂ ಎಣಿಸಬೇಕು. ಅನಂತರ ಅವುಗಳಲ್ಲಿ ತನಗೆ ಅನುಕೂಲವಾದವು ಎಷ್ಟೆಂದು ನೋಡಬೇಕು. ಈ ಎರಡರ ಪ್ರಮಾಣಕ್ಕೆ ತಕ್ಕಂತೆ ಪಣವನ್ನು ಒಡ್ಡಬೇಕು. ಎಲ್ಲ ಫಲಗಳ ಮೊತ್ತವನ್ನು ಅವನು ಆವರ್ತವೆಂದು ಕರೆದನು. ಎರಡು ದಾಳಗಳ ಆವರ್ತ 36, ಮೂರರದು 216. ಇಂದಿನ ವಿದ್ಯಾರ್ಥಿಗೆ ಇದು ಸುಲಭವಾಗಿ ಕಾಣಬಹುದು. ಆದರೆ ಗೆಲುವು ಸೋಲುಗಳನ್ನು ದೈವದ ಕೈಯಾಟವೆಂದು ನಂಬಿದ್ದ ಆ ಕಾಲದಲ್ಲಿ ಎಣಿಕೆಗೆ ಕೈ ಹಾಕಿದುದೇ ಸಾಹಸ.

ಈ ಎಣಿಕೆಯಲ್ಲಿ ಎಡವುವುದೂ ಸುಲಭ. ಮೂರು ದಾಳಗಳನ್ನು ಎಸೆದಾಗ ಒಂಬತ್ತು ಬರುವ ಜೋಡಣೆಗಳು ಆರು. ಹತ್ತು ಬರುವ ಜೋಡಣೆಗಳೂ ಆರು. ಹಾಗಾದರೆ ಎರಡಕ್ಕೂ ಸಮಾನ ಅವಕಾಶವಲ್ಲವೆ? ಅಲ್ಲ. ಒಂದು, ಎರಡು, ಆರು ಎಂಬ ಜೋಡಣೆಯು ದಾಳಗಳ ಸ್ಥಾನ ಬದಲಾದಂತೆ ಆರು ಬಗೆಯಲ್ಲಿ ಬೀಳಬಲ್ಲುದು. ಮೂರು, ಮೂರು, ಮೂರು ಎಂಬುದು ಒಂದೇ ಬಗೆಯಲ್ಲಿ. ಹೀಗೆ ಎಣಿಸಿದರೆ 216ರಲ್ಲಿ ಒಂಬತ್ತಕ್ಕೆ 25 ಬಗೆಗಳು, ಹತ್ತಕ್ಕೆ 27. ಕಾರ್ಡಾನೊ ಈ ಸಂಖ್ಯೆಗಳನ್ನು ಸರಿಯಾಗಿಯೇ ಕಂಡುಕೊಂಡಿದ್ದನು.

ಅವನು ತಪ್ಪಿದ್ದೂ ಉಂಟು. ಒಂದು ದಾಳವನ್ನು ಮೂರು ಸಲ ಎಸೆದರೆ ಬೇಕಾದ ಮುಖ ಬೀಳುವ ಅವಕಾಶವು ಸರಿಯಾಗಿ ಅರ್ಧವೆಂದು ಅವನು ಮೊದಲು ಭಾವಿಸಿದನು. ನಿಜವಾಗಿ ಅದು 216ರಲ್ಲಿ 91 ಮಾತ್ರ. ಒಂದರ ಹಿಂದೆ ಒಂದು ನಡೆಯುವ ಘಟನೆಗಳ ಅವಕಾಶಗಳನ್ನು ಕೂಡಿಸದೆ ಗುಣಿಸಬೇಕೆಂಬ ನಿಯಮವು ಹಲವು ಸಲ ಎಡವಿದ ಬಳಿಕವೇ ಅವನಿಗೆ ಹೊಳೆಯಿತು. ತಪ್ಪು ಲೆಕ್ಕಗಳನ್ನು ಅವನು ಅಳಿಸಲೂ ಇಲ್ಲ. ಗ್ರಂಥದಲ್ಲಿ ಅವು ಸರಿಯಾದವುಗಳ ಜೊತೆಯಲ್ಲೇ ಉಳಿದುಕೊಂಡಿವೆ. ಸ್ವಂತ ಹಣ ಕಳೆದು ಕಲಿತವನ ಪುಸ್ತಕ ಹಾಗಿರುವುದು ಸಹಜವೇ.

ಆದರೂ ಈ ಗಣಿತವು ಮುಂದಿನ ಎಸೆತದಲ್ಲಿ ಏನು ಬೀಳುವುದೆಂದು ಹೇಳಲಾರದು. ದಾಳಕ್ಕೆ ನೆನಪಿಲ್ಲ. ಹತ್ತು ಸಲ ಆರು ಬೀಳದಿದ್ದರೆ ಹನ್ನೊಂದನೆಯ ಸಲ ಅದು ಬೀಳಲೇಬೇಕೆಂಬ ಕಟ್ಟಳೆಯೂ ಇಲ್ಲ. ಬಹಳ ಸಲ ಎಸೆದಾಗ ಯಾವ ಫಲಕ್ಕೆ ಎಷ್ಟು ಪಾಲು ಎಂಬುದನ್ನು ಮಾತ್ರ ಗಣಿತವು ತಿಳಿಸುತ್ತದೆ. ಮುಂದಿನ ಶತಮಾನಗಳಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದ ರೂಲೆಟ್ ಚಕ್ರದ ಮರ್ಮವೂ ಇದೇ. ಸೊನ್ನೆಯಿಂದ 36ರವರೆಗೆ ಅದರಲ್ಲಿ 37 ಮನೆಗಳು. ಒಂದೊಂದು ಮನೆಯ ಮೇಲೂ ಒಂದೊಂದು ನಾಣ್ಯವಿಟ್ಟರೆ 37 ನಾಣ್ಯ ಖರ್ಚು. ಗೆದ್ದ ಮನೆಯ ನಾಣ್ಯದೊಡನೆ 35 ಪಟ್ಟು ಸೇರಿ ಕೈಗೆ ಬರುವುದು 36. ಚೆಂಡು ಎಲ್ಲಿ ನಿಂತರೂ ಒಂದು ನಾಣ್ಯ ಆಟದ ಮನೆಯ ಒಡೆಯನದು. ಆಡದಿರುವುದೇ ಜೂಜುಗಾರನಿಗೆ ದೊಡ್ಡ ಲಾಭವೆಂಬ ತೀರ್ಮಾನವನ್ನು ಕಾರ್ಡಾನೊ ತನ್ನ ಗ್ರಂಥದಲ್ಲಿಯೇ ಬರೆದಿಟ್ಟಿದ್ದನು. ಬರೆದೂ ಆಡಿದನು.

ಅಷ್ಟರಲ್ಲಿ ಅವನ ಕೀರ್ತಿ ಹಬ್ಬಿತ್ತು. ಘನ ಸಮೀಕರಣಗಳನ್ನು ಬಿಡಿಸುವ ಕ್ರಮವನ್ನು ಒಳಗೊಂಡ ಅವನ ‘ಆರ್ಸ್ ಮಾಗ್ನಾ’ 1545ರಲ್ಲಿ ಅಚ್ಚಾಯಿತು. ಆ ರಹಸ್ಯವನ್ನು ಹೊರಗೆಡಹುವುದಿಲ್ಲವೆಂಬ ಮಾತು ಪಡೆದೇ ಅದನ್ನು ತಿಳಿಸಿದ್ದ ಟಾರ್ಟಾಲ್ಯನು ಕಡುಕೋಪಗೊಂಡನು. 1552ರಲ್ಲಿ ಕಾರ್ಡಾನೊ ಸ್ಕಾಟ್‌ಲೆಂಡಿಗೆ ಹೋಗಿ ಅಲ್ಲಿನ ಆರ್ಚ್‌ಬಿಷಪ್ ಹ್ಯಾಮಿಲ್ಟನನ ಉಬ್ಬಸಕ್ಕೆ ಚಿಕಿತ್ಸೆ ಮಾಡಿದನು. ಹಿಂದಿರುಗುವಾಗ ಇಂಗ್ಲೆಂಡಿನ ಬಾಲರಾಜ ಆರನೆಯ ಎಡ್ವರ್ಡನ ಜಾತಕವನ್ನು ಬರೆದು, ಐವತ್ತೈದು ವರ್ಷಗಳನ್ನು ದಾಟುವ ಆಯುಸ್ಸಿದೆಯೆಂದು ಭವಿಷ್ಯ ಹೇಳಿದನು. ಮರುವರ್ಷವೇ, ಹದಿನೈದರ ಹರೆಯದಲ್ಲಿ, ಎಡ್ವರ್ಡನು ತೀರಿಕೊಂಡನು. ಒಂದು ದಾಳದ ಮುಂದಿನ ಮುಖವನ್ನು ಹೇಳಲಾಗದೆಂದು ಬಲ್ಲವನೇ ಒಬ್ಬ ರಾಜನ ಆಯುಸ್ಸನ್ನು ಹೇಳಹೊರಟುದು ವಿಚಿತ್ರವಾದರೂ ಸತ್ಯ.

ಮನೆಯಲ್ಲಿ ಸುಖವಿರಲಿಲ್ಲ. ಹೆಂಡತಿಗೆ ವಿಷವಿಕ್ಕಿ ಕೊಂದ ಅಪರಾಧಕ್ಕಾಗಿ ಹಿರಿಯ ಮಗನಿಗೆ 1560ರಲ್ಲಿ ಮರಣದಂಡನೆಯಾಯಿತು. ಮಗನನ್ನು ಉಳಿಸಲು ಕಾರ್ಡಾನೊ ಪಟ್ಟ ಪಾಡೆಲ್ಲ ವ್ಯರ್ಥವಾಯಿತು. 1562ರಲ್ಲಿ ಅವನು ಬೊಲೊನ್ಯಾದಲ್ಲಿ ಪ್ರಾಧ್ಯಾಪಕನಾದನು. ಕಿರಿಯ ಮಗ ಆಲ್ಡೊ ತಂದೆಯಿಂದ ಕಲಿತದ್ದು ಗಣಿತವನ್ನಲ್ಲ, ಜೂಜನ್ನು. 1569ರಲ್ಲಿ ಅವನು ತಂದೆಯ ಮನೆಗೇ ನುಗ್ಗಿ ಕಳವು ಮಾಡಿದನು. ಕಾರ್ಡಾನೊ ತಾನೇ ಅಧಿಕಾರಿಗಳಿಗೆ ದೂರು ಕೊಟ್ಟನು. ಮಗನು ಊರಿನಿಂದ ಗಡೀಪಾರಾದನು. ಹೆಂಡತಿಯ ಒಡವೆಗಳನ್ನು ಒತ್ತೆಯಿಟ್ಟಿದ್ದ ತಂದೆಗೆ ಆ ದೂರನ್ನು ಕೊಡುವಾಗ ಏನೆನಿಸಿತೋ!

1570ರಲ್ಲಿ ಧರ್ಮವಿರೋಧದ ಆರೋಪದ ಮೇಲೆ ಅವನೂ ಕೆಲವು ತಿಂಗಳು ಸೆರೆಯಲ್ಲಿದ್ದನು. ಬೋಧಿಸಬಾರದೆಂದು ಆಜ್ಞೆಯಾದ ಮೇಲೆ ರೋಮಿಗೆ ಹೋಗಿ, ಆತ್ಮಕಥೆಯನ್ನು ಬರೆದು, 1576ರಲ್ಲಿ ಕಣ್ಮುಚ್ಚಿದನು. ದಾಳಗಳ ಗ್ರಂಥವು ಕಾಗದದ ಕಟ್ಟುಗಳ ನಡುವೆ ಉಳಿದುಹೋಯಿತು. ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು 1654ರಲ್ಲಿ ಜೂಜಿನ ಸಮಸ್ಯೆಗಳನ್ನು ಕುರಿತು ಪತ್ರಗಳನ್ನು ಬರೆದುಕೊಂಡು ಸಂಭವನೀಯತಾ ಗಣಿತಕ್ಕೆ ಭದ್ರವಾದ ತಳಹದಿಯನ್ನು ಹಾಕಿದರು. ಕಾರ್ಡಾನೊನ ಗ್ರಂಥವು ಲಿಯಾನ್ ನಗರದಲ್ಲಿ ಅವನ ಸಮಗ್ರ ಕೃತಿಗಳೊಡನೆ ಅಚ್ಚಾದದ್ದು 1663ರಲ್ಲಿ, ಅವನು ತೀರಿಕೊಂಡ 87 ವರ್ಷಗಳ ಅನಂತರ.