ಡೆನಿಸ್ ರಿಚಿ

ಡೆನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ (1941–2011) ಅಮೆರಿಕದ ಗಣಕ ವಿಜ್ಞಾನಿ. ಇವರು ಸಿ ಪ್ರೋಗ್ರಾಮಿಂಗ್ ಭಾಷೆಯ ಕರ್ತೃ. ಕೆನ್ ಥಾಂಪ್ಸನ್ ಅವರೊಡನೆ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸಿದರು. ಆದೇಶಗಳನ್ನು ಬೆರಳಚ್ಚಿಸಿ ಬಳಸುವ ಪಠ್ಯ ಸಂಪಾದಕ ತಂತ್ರಾಂಶಗಳ ಬೆಳವಣಿಗೆಯಲ್ಲಿಯೂ, ಹಳೆಯ ತಂತ್ರಾಂಶಗಳ ದಾಖಲೆ ಮತ್ತು ಆಕರ ಸಂಕೇತಗಳ ಸಂರಕ್ಷಣೆಯಲ್ಲಿಯೂ ಇವರ ಪಾತ್ರವಿದೆ.

ಆರಂಭಿಕ ಜೀವನ

ರಿಚಿ 1941ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಅಲಿಸ್ಟೇರ್ ರಿಚಿ ಬೆಲ್ ಪ್ರಯೋಗಾಲಯದ ವಿಜ್ಞಾನಿಯಾಗಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಹಾಗೂ ಅನ್ವಯಿಕ ಗಣಿತವನ್ನು ಅಭ್ಯಸಿಸಿದ ರಿಚಿ, 1967ರಲ್ಲಿ ಅದೇ ಪ್ರಯೋಗಾಲಯವನ್ನು ಸೇರಿದರು.

ಪಠ್ಯ ಸಂಪಾದಕಗಳು

ಬರ್ಕ್ಲಿಯಲ್ಲಿ ಹುಟ್ಟಿದ ಕ್ಯೂಇಡಿ ಎಂಬ ಸಂಪಾದಕವನ್ನು ಥಾಂಪ್ಸನ್ ಹೊಸದಾಗಿ ಬರೆದು, ಅದಕ್ಕೆ ಪದವಿನ್ಯಾಸಗಳನ್ನು ಹುಡುಕುವ ಸಾಮರ್ಥ್ಯವನ್ನು ಸೇರಿಸಿದ್ದರು. ಬೆಲ್ ಪ್ರಯೋಗಾಲಯದ ಗಣಕಕ್ಕಾಗಿ ಇದರ ಮತ್ತೊಂದು ಆವೃತ್ತಿಯನ್ನು ರಿಚಿ ಮತ್ತು ಥಾಂಪ್ಸನ್ ಸಿದ್ಧಪಡಿಸಿದರು. 1969ರಲ್ಲಿ ಥಾಂಪ್ಸನ್ ರಚಿಸಿದ ಇಡಿ ಎಂಬ ಸರಳ ಸಂಪಾದಕವು ಇದೇ ಪರಂಪರೆಗೆ ಸೇರಿದುದು.

ಆ ಕಾಲದ ಬಹುಪಾಲು ವ್ಯವಸ್ಥಾ ತಂತ್ರಾಂಶಗಳು ಒಂದು ನಿರ್ದಿಷ್ಟ ಯಂತ್ರದ ಭಾಷೆಯಲ್ಲಿರುತ್ತಿದ್ದವು; ಯಂತ್ರ ಬದಲಾದರೆ ಅವುಗಳನ್ನು ಮತ್ತೆ ಬರೆಯಬೇಕಾಗುತ್ತಿತ್ತು. 1970ರ ದಶಕದ ಆರಂಭದಲ್ಲಿ ರಿಚಿ ರೂಪಿಸಿದ ಸಿ ಭಾಷೆ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು. 1973ರಲ್ಲಿ ಯುನಿಕ್ಸ್‌ನ ತಿರುಳನ್ನು ಸಿ ಭಾಷೆಯಲ್ಲಿ ಪುನಃ ಬರೆಯಲಾಯಿತು. ಇಡಿ ಸಂಪಾದಕವೂ ಮುಂದೆ ಅದೇ ಭಾಷೆಗೆ ಬಂದಿತು. ಇಡಿಯ ಸಂಕೇತವನ್ನು ಆಧರಿಸಿ ಬೆಳೆದ ಸಂಪಾದಕಗಳಿಂದ ಬಿಲ್ ಜಾಯ್ ಅವರ ವಿಐ ರೂಪುಗೊಂಡಿತು. ಆದರೆ ಅದರ ಆಕರ ಸಂಕೇತವನ್ನು ಪಡೆಯಲು ಎಟಿ ಅಂಡ್ ಟಿ ಸಂಸ್ಥೆಯ ಪರವಾನಗಿ ಅಗತ್ಯವಿದ್ದುದರಿಂದ, ಅದನ್ನು ಮುಕ್ತವಾಗಿ ಹಂಚಲು ಸಾಧ್ಯವಿರಲಿಲ್ಲ. ಹೀಗಾಗಿ ಅದೇ ರೀತಿ ಕೆಲಸ ಮಾಡುವ ಸಂಪಾದಕಗಳನ್ನು ಇತರರು ಸ್ವತಂತ್ರವಾಗಿ ಬರೆದರು. 1991ರಲ್ಲಿ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ ವಿಮ್ ಇವುಗಳಲ್ಲಿ ಪ್ರಸಿದ್ಧವಾದುದು. ಅದೂ ಮುಖ್ಯವಾಗಿ ಸಿ ಭಾಷೆಯಲ್ಲಿದೆ. ಹಳೆಯ ಯುನಿಕ್ಸ್ ಆವೃತ್ತಿಗಳ ಸಂಕೇತ 2002ರಲ್ಲಿ ಮುಕ್ತ ಪರವಾನಗಿಗೆ ಒಳಪಟ್ಟ ನಂತರ ಮೂಲ ವಿಐ ಸಂಪಾದಕದ ಹಂಚಿಕೆಯೂ ಸಾಧ್ಯವಾಯಿತು.

ಸಂರಕ್ಷಣಾ ಕಾರ್ಯ

ರಿಚಿ ಕ್ಯೂಇಡಿ ಸಂಪಾದಕದ ಇತಿಹಾಸವನ್ನು ಬರೆದು ದಾಖಲಿಸಿದರು. ಹಳೆಯ ಟೇಪುಗಳಲ್ಲಿ ಉಳಿದಿದ್ದ ಆರಂಭಿಕ ಸಿ ಕಂಪೈಲರ್‌ಗಳ ಆಕರ ಸಂಕೇತವನ್ನು ಸಾರ್ವಜನಿಕರಿಗೆ ಲಭ್ಯವಾಗಿಸಿದರು. ಇದರಿಂದ ಆ ತಂತ್ರಾಂಶಗಳ ಮೂಲರೂಪವನ್ನು ಇಂದಿನ ವಿದ್ಯಾರ್ಥಿಗಳೂ ಓದಬಹುದಾಗಿದೆ.

ಕನ್ನಡ ಪಠ್ಯದೊಂದಿಗೆ ಸಂಬಂಧ

ಆರಂಭಿಕ ಯುನಿಕ್ಸ್ ಸಂಪಾದಕಗಳು ಇಂಗ್ಲಿಷ್ ಅಕ್ಷರಗಳಿಗಷ್ಟೇ ಸೀಮಿತವಾಗಿದ್ದವು. 1992ರಲ್ಲಿ ರಿಚಿಯವರ ಸಹೋದ್ಯೋಗಿಗಳಾದ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ಸಂಕೇತನ ಪದ್ಧತಿಯನ್ನು ರೂಪಿಸಿದರು. ಇದರಲ್ಲಿ ಪ್ರತಿಯೊಂದು ಕನ್ನಡ ಯುನಿಕೋಡ್ ಚಿಹ್ನೆಗೆ 3 ಬೈಟ್‌ಗಳು ಬೇಕು. ಉದಾಹರಣೆಗೆ, ಬೀದರ್ ಜಿಲ್ಲೆಯ ಔರಾದ್ ಎಂಬ ಹೆಸರಿನಲ್ಲಿ 5 ಚಿಹ್ನೆಗಳಿದ್ದು 15 ಬೈಟ್‌ಗಳಾಗುತ್ತವೆ. ಭಾಲ್ಕಿ ಎಂಬುದರಲ್ಲಿ 6 ಚಿಹ್ನೆಗಳಿದ್ದು 18 ಬೈಟ್‌ಗಳಾಗುತ್ತವೆ. ಈ ಪದ್ಧತಿಯನ್ನು ಅಳವಡಿಸಿಕೊಂಡ ವಿಮ್‌ನಂತಹ ಸಂಪಾದಕಗಳಲ್ಲಿ ಕನ್ನಡ ಪಠ್ಯವನ್ನು ಬರೆದು ಉಳಿಸಬಹುದು.

ಪ್ರಶಸ್ತಿಗಳು ಮತ್ತು ನಿಧನ

ರಿಚಿ ಮತ್ತು ಬ್ರಿಯಾನ್ ಕರ್ನಿಹಾನ್ ಸಿ ಭಾಷೆಯನ್ನು ಕುರಿತು ಬರೆದ ಪಠ್ಯಪುಸ್ತಕ 1978ರಲ್ಲಿ ಪ್ರಕಟವಾಯಿತು. ರಿಚಿ ಹಾಗೂ ಥಾಂಪ್ಸನ್ ಅವರಿಗೆ 1983ರ ಟ್ಯೂರಿಂಗ್ ಪ್ರಶಸ್ತಿ ಮತ್ತು 2011ರ ಜಪಾನ್ ಪ್ರಶಸ್ತಿ ದೊರೆತವು. ರಿಚಿ 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರ್ 12ರಂದು ಅವರು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ತಮ್ಮ ಮನೆಯಲ್ಲಿ ಮೃತಪಟ್ಟಿರುವುದು ತಿಳಿದುಬಂದಿತು.