ಡಾ. ಎಂ.ಜೆ. ತಿರುಮಲಾಚಾರ್ (1914–1999)

ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ ಅವರು ಕರ್ನಾಟಕವು ದೇಶಕ್ಕೆ ನೀಡಿದ ಪ್ರಮುಖ ಶಿಲೀಂಧ್ರ ವಿಜ್ಞಾನಿಗಳಲ್ಲಿ ಒಬ್ಬರು. ಹೊಲದ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಿಂದ ಶಿಲೀಂಧ್ರನಾಶಕ ಔಷಧಿಗಳನ್ನು ಪಡೆದು ಸ್ವದೇಶಿ ಔಷಧಿ ತಯಾರಿಕೆಗೆ ಬಲ ತುಂಬಿದ ಕೀರ್ತಿ ಇವರಿಗೆ ಸಲ್ಲುತ್ತದೆ.

ಆರಂಭದ ವರ್ಷಗಳು

1914ರಲ್ಲಿ ಜನಿಸಿದ ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿದ್ದಾಗ, ಮೈಸೂರು ಸಂಸ್ಥಾನದ ಸಸ್ಯಗಳಿಗೆ ತಗಲುವ ತುಕ್ಕು ರೋಗ ಮತ್ತು ಕಾಡಿಗೆ ರೋಗಗಳ ಶಿಲೀಂಧ್ರಗಳನ್ನು ಅಭ್ಯಸಿಸಿ ಹೊಸ ಪ್ರಭೇದಗಳನ್ನು ಗುರುತಿಸಿದರು. ತರುವಾಯ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧನೆ ನಡೆಸಿದರು. ಬಿ.ಬಿ. ಮುಂಡ್ಕೂರ್ ಅವರೊಡನೆ ಬರೆದ, ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತ ಗ್ರಂಥವು 1952ರಲ್ಲಿ ಪ್ರಕಟವಾಯಿತು. ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಹಾಗೂ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಇವರು ಸೇವೆ ಸಲ್ಲಿಸಿದರು.

ಪಿಂಪ್ರಿಯಲ್ಲಿ ಸಂಶೋಧನೆ

ಪುಣೆ ಸಮೀಪದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಗೊಂಡ ಸಾರ್ವಜನಿಕ ವಲಯದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯ ಸಂಶೋಧನಾ ವಿಭಾಗಕ್ಕೆ ಇವರು ಮುಖ್ಯಸ್ಥರಾದರು. ಇಲ್ಲಿ ಇವರ ಗಮನ ಸೆಳೆದದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ವರ್ಗ. ಎಳೆ ಎಳೆಯಾಗಿ ಬೆಳೆಯುವ ಈ ಜೀವಿಗಳು ನೋಟಕ್ಕೆ ಶಿಲೀಂಧ್ರಗಳನ್ನೇ ಹೋಲುತ್ತವೆ. ಮೊದಲ ಮಳೆಗೆ ನೆಲದಿಂದೇಳುವ ಮಣ್ಣಿನ ವಾಸನೆಗೆ ಕಾರಣವಾದ ವಸ್ತುವನ್ನು ತಯಾರಿಸುವವೂ ಇವೇ. ಕುಮಾರಪಟ್ಟಣದ ತುಂಗಭದ್ರಾ ದಂಡೆಯ ಹೊಲಗಳಿಂದ ಬ್ಯಾಡಗಿಯ ಮೆಣಸಿನಕಾಯಿ ಹೊಲಗಳವರೆಗೆ ಇವುಗಳ ವಾಸವಿದೆ.

ಪಿಂಪ್ರಿಯ ಮಣ್ಣಿನಲ್ಲಿ ದೊರೆತ ಇಂತಹದೊಂದು ಬ್ಯಾಕ್ಟೀರಿಯಾಕ್ಕೆ ಆ ಊರಿನ ಹೆಸರನ್ನೇ ಇಡಲಾಯಿತು. ಅದರಿಂದ ಪಡೆದ ಹ್ಯಾಮೈಸಿನ್ ಔಷಧಿಯ ವಿವರವನ್ನು ತಿರುಮಲಾಚಾರ್ ಮತ್ತು ಸಹೋದ್ಯೋಗಿಗಳು 1961ರಲ್ಲಿ ಪ್ರಕಟಿಸಿದರು. ಶಿಲೀಂಧ್ರದ ಕೋಶಪೊರೆಯನ್ನು ಭೇದಿಸಿ ಅದನ್ನು ನಾಶಪಡಿಸುವುದು ಇದರ ಗುಣ. ಚರ್ಮರೋಗಕ್ಕಾಗಿ ಡರ್ಮೊಸ್ಟಾಟಿನ್, ಬೆಳೆಗಳ ಶಿಲೀಂಧ್ರ ರೋಗಗಳ ಹತೋಟಿಗಾಗಿ ಆರಿಯೊಫಂಜಿನ್ ಸಹ ಇದೇ ಪ್ರಯೋಗಾಲಯದ ಕೊಡುಗೆಗಳು.

ಬ್ಯಾಕ್ಟೀರಿಯಾ ಔಷಧಿ ತಯಾರಿಸುವ ಬಗೆ

ಬ್ಯಾಕ್ಟೀರಿಯಾ ದೊರೆತ ಮಾತ್ರಕ್ಕೆ ಔಷಧಿ ದೊರೆಯುವುದಿಲ್ಲ. ಔಷಧಿ ತಯಾರಿಸುವ ಜೀನುಗಳು ಅದರಲ್ಲಿ ಒಂದೆಡೆ ಗುಂಪಾಗಿರುತ್ತವೆಯಾದರೂ ಸದಾ ಕೆಲಸ ಮಾಡುವುದಿಲ್ಲ. ಆಹಾರ ಸಮೃದ್ಧವಾಗಿರುವಾಗ ಅದು ಬೆಳೆಯುವುದರಲ್ಲಿಯೇ ತೊಡಗಿರುತ್ತದೆ. ಆಹಾರ ಕಡಿಮೆಯಾದಾಗ, ನಿಯಂತ್ರಕ ಪ್ರೋಟೀನುಗಳು ಈ ಜೀನುಗಳನ್ನು ಎಚ್ಚರಿಸುತ್ತವೆ. ಹ್ಯಾಮೈಸಿನ್ ವರ್ಗದ ಔಷಧಿಗಳ ವಿಷಯದಲ್ಲಿ ಫಾಸ್ಫೇಟ್ ಅಂಶ ಮುಖ್ಯವಾದುದು. ಹುದುಗು ತೊಟ್ಟಿಯಲ್ಲಿ ಅದು ಹೆಚ್ಚಾದರೆ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದರೂ ಔಷಧಿ ಉತ್ಪತ್ತಿ ಕುಂಠಿತವಾಗುತ್ತದೆ. ಕೆಲವು ಪ್ರಭೇದಗಳು ತಾವೇ ಹೊರಸೂಸುವ ಸಂಕೇತ ವಸ್ತುವಿನಿಂದಲೂ ಈ ಕಾರ್ಯವನ್ನು ಆರಂಭಿಸುತ್ತವೆ. ಅಂತಹ ಮೊದಲ ವಸ್ತುವನ್ನು ಸೋವಿಯತ್ ವಿಜ್ಞಾನಿ ಖೋಖ್ಲೊವ್ ಮತ್ತು ಸಂಗಡಿಗರು 1967ರಲ್ಲಿ ವರದಿ ಮಾಡಿದರು.

ತಿರುಮಲಾಚಾರ್ ಅವರು ಈ ಔಷಧಿಗಳನ್ನು ಕಂಡುಹಿಡಿದ ಕಾಲಕ್ಕೆ ಜೀನುಗಳನ್ನು ಓದುವ ಸೌಲಭ್ಯವಿರಲಿಲ್ಲ. ಮಣ್ಣಿನ ಮಾದರಿಗಳಿಂದ ಜೀವಿಗಳನ್ನು ಬೇರ್ಪಡಿಸಿ, ಬೆಳೆಸಿ, ಪರೀಕ್ಷಿಸುವುದೇ ಆಗಿನ ಮಾರ್ಗವಾಗಿತ್ತು. 2002ರಲ್ಲಿ ಒಂದು ಸ್ಟ್ರೆಪ್ಟೊಮೈಸಿಸ್ ಪ್ರಭೇದದ ಸಂಪೂರ್ಣ ಜೀನು ವಿನ್ಯಾಸವನ್ನು ಓದಿದಾಗ, ಇಂತಹ ವಸ್ತುಗಳನ್ನು ತಯಾರಿಸಬಲ್ಲ 20ಕ್ಕೂ ಹೆಚ್ಚು ಜೀನು ಗುಂಪುಗಳು ಕಂಡುಬಂದವು. ಅವುಗಳಲ್ಲಿ ಹಲವು ಪ್ರಯೋಗಾಲಯದಲ್ಲಿ ಮೌನವಾಗಿಯೇ ಉಳಿದಿದ್ದವು. ಅಂತಹ ಜೀನುಗಳನ್ನು ಎಚ್ಚರಿಸಿ ಹೊಸ ಔಷಧಿ ಪಡೆಯುವ ಪ್ರಯತ್ನಗಳು ಈಗ ಹಲವು ದೇಶಗಳಲ್ಲಿ ನಡೆದಿವೆ.

ಇಂದಿನ ಮಹತ್ವ

2021ರಲ್ಲಿ ಕೋವಿಡ್ ನಂತರ ಕಪ್ಪು ಶಿಲೀಂಧ್ರ ರೋಗ ಹರಡಿದಾಗ ರಾಜ್ಯದಲ್ಲಿ ಆಂಫೊಟೆರಿಸಿನ್-ಬಿ ಔಷಧಿಗೆ ತೀವ್ರ ಕೊರತೆ ಉಂಟಾಗಿ ರೋಗಿಗಳ ಕುಟುಂಬಗಳು ಪರದಾಡಿದವು. ಅದೂ ಹ್ಯಾಮೈಸಿನ್ ವರ್ಗಕ್ಕೆ ಸೇರಿದ, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ತಯಾರಿಸುವ ಔಷಧಿ. ಶಿಲೀಂಧ್ರ ರೋಗಗಳಿಗೆ ಲಭ್ಯವಿರುವ ಔಷಧಿಗಳು ಕೆಲವೇ ಆಗಿರುವುದರಿಂದ, ಅವುಗಳನ್ನು ದೇಶದಲ್ಲಿಯೇ ಕಂಡುಹಿಡಿದು ತಯಾರಿಸುವ ಸಾಮರ್ಥ್ಯ ಎಷ್ಟು ಅಗತ್ಯವೆಂಬುದು ಆಗ ಸಾರ್ವಜನಿಕರ ಅನುಭವಕ್ಕೆ ಬಂದಿತು.

ತಿರುಮಲಾಚಾರ್ ಅವರು ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಸಂಶೋಧನಾ ಸಂಸ್ಥೆಯೊಂದರ ಸಹ ಸಂಸ್ಥಾಪಕರಾಗಿ ಕಾರ್ಯ ಮುಂದುವರಿಸಿದರು. ಇವರು 1999ರಲ್ಲಿ ನಿಧನ ಹೊಂದಿದರು.